ನಟ್ಟಿಗೆ ಬೇಕಾದ ಕೈ

ಕಾಸರಕೋಡಿನಲ್ಲಿ ಹೊನ್ನಾವರದ ದೋಣಿಗೆ ಕಾಯುತ್ತಿದ್ದ ಶ್ರೀಮತಿಗೆ ಬೆನ್ನ ಹಿಂದಿನ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

"ಸೊಸೆ ಹ್ಯಾಂಗದೆ, ದುರ್ಗಕ್ಕ?"

"ಸಿಡುಬು ಒಣಗಿತು ಬಂಗಾರಿ. ಕಣ್ಣು ಎರಡೂ ಹೋಯ್ತು. ತವರಲ್ಲೇ ಅದೆ. ನೋಡಿ ಬರ್ವ ಅಂತ ಹೊರಟೆ."

"ನಿನ್ನ ಮಗನಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಗಂಡಸ್ರ ಮೈ ಗಟ್ಟಿ ಕಾಣ್ತದೆ."

"ಮೈ ಅಲ್ವೇ. ಸಿಡುಬಿನ ಚುಚ್ಚು ಹಾಕೂರು ಬಂದಾಗ ಗಂಡಸ್ರ ಗದ್ದೆ ಹೂಟಿ ಮುಗ್ದಿತ್ತು. ಎಲ್ಲ ತೋಳು ಕೊಟ್ರು."

"ಸೊಸೆ ಹೆದರಿ ಅಡಗಿತ್ತು ಅಂದಿದ್ಯಲ್ಲ?"

"ನಾನೇ ಕೊಟ್ಟಿಗೆಗೆ ಅಟ್ಟಿದ್ದೆ. ತೋಳು ಬಾತು ಜ್ವರ ಬಂದ್ರೆ ಗದ್ದೆ ನಟ್ಟಿ ಮಾಡೂದು ಯಾರು?"

ಬಂಗಾರಿ ದನಿ ತಗ್ಗಿಸಿದಳು. "ನಾವೂ ಸೊಸೆಯಂದಿರನ್ನ ಹಾಂಗೇ ಅಡಗಿಸಿದ್ದು. ದೇವ್ರು ಕಾಯ್ದ."

"ಕೇಳಿದವ್ರಿಗೆಲ್ಲ ಸೊಸೆ, 'ನಾನೇ ಹೆದರಿ ಓಡಿದೆ' ಅಂತ ಹೇಳ್ತಂತೆ."

"ಹಾಂಗಾದ್ರೆ ನಿನ್ನ ಹೆಸ್ರು ಹೊರಗೆ ಬರ್ಲಿಲ್ಲ. ಅಲ್ಲಿಗೆ ಹೋಗೂಕೆ ನಿಂಗೆಂತ ಹೆದ್ರಿಕೆ?"

"ಹೋದ ಸಲ ಹೋದಾಗ ಮನೇಲಿ ಅದೊಂದೇ ಇತ್ತು. ಎದುರು ಕೂತೆ, ಹೆಸರು ಹೇಳೂಕೆ ಬಾಯಿ ಬರಲಿಲ್ಲ. ಯಾರು, ಯಾರು ಅಂತ ಕೇಳ್ತಾ ಇತ್ತು. ಎದ್ದು ಬಂದುಬಿಟ್ಟೆ."

ದೋಣಿ ದಡಕ್ಕೆ ತಾಗಿತು. ಬಂಗಾರಿ ಮೊದಲು ಹತ್ತಿ ಕೈ ಚಾಚಿದಳು.

"ಬಾ. ಇವತ್ತು ಹೆಸರಾದ್ರೂ ಹೇಳು."

ದುರ್ಗಕ್ಕ ಸೀರೆ ಎತ್ತಿಕೊಂಡು ನೀರಿಗಿಳಿದು ಆ ಕೈ ಹಿಡಿದಳು. ತನ್ನ ತೋಳು ಅವರ ಕಣ್ಣಿಗೆ ಬೀಳದಿರಲೆಂದು ಶ್ರೀಮತಿ ಆ ದೋಣಿ ಹತ್ತಲಿಲ್ಲ. ತೋಳಿನ ಮೇಲಿದ್ದ ತನ್ನ ಹಳೆಯ ಚುಚ್ಚಿನ ಕಲೆಗಳನ್ನು ಸೆರಗಿನಿಂದ ಮುಚ್ಚಿಕೊಂಡು ಮುಂದಿನ ದೋಣಿಗೆ ನಿಂತಳು.