ಬೆನ್ನ ಮೇಲಿನ ಹೂವು

ಇಲ್ಲಿ ಸೇರಿರುವ ಹಿರಿಯರಿಗೆ, ತಾಯಂದಿರಿಗೆ, ಔರಾದದಿಂದ ಬಂದಿರುವ ಸುಂದರಬಾಯಿಯವರ ಅಣ್ಣ ಮಡೆಪ್ಪನವರಿಗೆ ಶರಣು. ನನಗೆ ಇಂಥ ಶೋಕಸಭೆಯಲ್ಲಿ ಮಾತಾಡಿ ರೂಢಿಯಿಲ್ಲ. ತಡವರಿಸಿದರೆ ಕ್ಷಮಿಸಿ.

ಭಾಲ್ಕಿಯ ಈ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಸುಂದರಬಾಯಿಯವರು ಹೊಲಿಗೆ ಕಲಿಸುತ್ತಿದ್ದರು. ಹರಿದದ್ದಕ್ಕೆ ಬರೀ ತೇಪೆ ಹಚ್ಚಿ ಕೊಡುವವರಲ್ಲ ಅವರು. ತೂತಿನ ಮೇಲೆ ಬಣ್ಣದ ದಾರದಲ್ಲಿ ಹೂವು, ಬಳ್ಳಿ, ಗಿಳಿ. ಹರಕು ಲಂಗ ಉಟ್ಟು ಬಂದ ಹುಡುಗಿ ಅತ್ತರೆ— "ಅಳಬ್ಯಾಡ ನಮ್ಮವ್ವ. ಇದರ ಮ್ಯಾಲ ಗಿಳಿ ಕೂಡಸ್ತೇನಿ. ನಕ್ಕವರೇ ನಾಳಿ ತಮ್ಮ ಲಂಗ ಹರ್ಕೊಂಡು ಬರ್ತಾರ, ನೋಡ್ಕೋತ ಇರು!" ಬಂದರು ಕೂಡ.

ಆಮೇಲೆ ಆ ಕೆಟ್ಟ ವರ್ಷ. ಮೊದಲು ನಿಜಾಮನ ಕಡೆಯ ರಜಾಕಾರರು ಬಂದರು— ಸುಂದರಬಾಯಿಯವರ ಪತಿಯನ್ನು ಔರಾದದ ದಾರಿಯಲ್ಲಿ ಕೊಂದರು. ದಿಲ್ಲಿಯ ಸೈನ್ಯ ಬಂತು, ಪೊಲೀಸ್ ಕಾರ್ಯಾಚರಣೆ ನಡೆಯಿತು. ನಿಜಾಮನ ಆಳ್ವಿಕೆ ಮುಗಿಯಿತು. ಕೊಲೆ ಮುಗಿಯಲಿಲ್ಲ. ಈ ಸಲ ಸತ್ತವರು ಮಸೀದಿ ಓಣಿಯವರು. ಕೊಂದವರು ಯಾರೆಂದು— ಇಲ್ಲಿ ಕುಳಿತ ನಮಗೆಲ್ಲ ಗೊತ್ತು.

ಆ ಚಳಿಗಾಲದಲ್ಲಿ ಅಕ್ತರಬೀ ಶಾಲೆಗೆ ಬಂದರು. ಅಗೋ, ಬಾಗಿಲ ಬಳಿ ಕುಳಿತಿದ್ದಾರೆ. ಗಲಾಟೆಯ ದಿನ ಭಾತಂಬ್ರಾ ಕಡೆ ಓಡಿದ ಮಗ ಮುನೀರೋದ್ದೀನ ತಿರುಗಿ ಬಂದಿರಲಿಲ್ಲ. ಅವನ ಕುರ್ತಾ ಸಿಕ್ಕಿತ್ತು. ಯಾರೋ ತೊಳೆದು ಮಡಚಿ ಕೊಟ್ಟಿದ್ದರು. ಆ ಮಡಿಕೆಯನ್ನು ಬಿಚ್ಚುವ ಧೈರ್ಯ ತಾಯಿಗೆ ಬಂದಿರಲಿಲ್ಲ. ಎದೆಯ ಮೇಲಿನ ತೂತೊಂದೇ ಕಾಣುತ್ತಿತ್ತು.

"ಬೇಲಿ ಮುಳ್ಳಿಗಿ ಸಿಕ್ಕಿ ಹರದದರಿ ಬಾಯಿ. ಹೊಲದು ಇಡ್ರಿ. ಹುಡುಗ ಬಂದ್ರ ಹಾಕ್ಕೊಳ್ಳಾಕ ಬೇಕಲ್ಲ?"

ಅವರು ಹೋದ ಮೇಲೆ ಸುಂದರಬಾಯಿ ಕುರ್ತಾ ಬಿಚ್ಚಿದರು. ಬೆನ್ನಲ್ಲಿ ಇನ್ನೊಂದು ತೂತು. ಎದೆಯದಕ್ಕೆ ನೇರವಾಗಿ. ಗುಂಡು ಹಾಯ್ದ ದಾರಿ.

ತಾಯಿಗೆ ಅದು ಕಾಣದಿರಲಿ ಎಂದು ಮೊದಲು ಬೆನ್ನನ್ನೇ ಮುಚ್ಚಿದರು. ಆ ಕೈಗೆ ಹೂವು ಬಿಟ್ಟರೆ ಬೇರೆ ಮುಚ್ಚಳ ಗೊತ್ತಿರಲಿಲ್ಲ— ಎರಡೂ ಕಡೆ ಹೂವು ಹಾಕಿದರು.

ಅಕ್ತರಬೀ ಬಂದು ಎದೆಯ ಹೂವನ್ನು ಸವರಿದರು. ಕುರ್ತಾ ತಿರುವಿದರು—

"ಬೆನ್ನ ಮ್ಯಾಲ ಯಾಕರಿ ಹೂ? ನಾ ಒಂದ ತೂತಿಗಿ ಕೊಟ್ಟಿದ್ದೆ."

"ಚಂದ ಕಾಣ್ಲಿ ಅಂತ ಹಾಕೀನಕ್ಕಾ."

ಅಕ್ತರಬೀ ಕುರ್ತಾದ ಒಳಮೈ ಹೊರಗೆ ಮಾಡಿದರು— ಹೀಗೆ. ಕಸೂತಿಯ ಒಳಬದಿ ಏನನ್ನೂ ಮುಚ್ಚುವುದಿಲ್ಲ. ಒಂದು ಬೆರಳು ಎದೆಯ ಮೇಲೆ, ಒಂದು ಬೆನ್ನ ಮೇಲೆ. ಎರಡೂ ಎದುರುಬದುರು ಬಂದವು.

"ಹೂ ಬಿಚ್ಚರಿ ಬಾಯಿ. ನನ್ನ ಮಗನ್ನ ನನಗ ನೋಡಾಕ ಬಿಡ್ರಿ."

ಇಬ್ಬರೂ ಕೂತು ಬಿಚ್ಚಿದರು. ನಾನು ಅಲ್ಲೇ ಇದ್ದೆ. ದಾರ ಹರಿಯುವ ಸದ್ದು— ಅಷ್ಟೇ.

ಜ್ವರ ಬಂದು ಮಲಗುವ ತನಕ ಸುಂದರಬಾಯಿ ಹೊಲಿಗೆ ಬಿಡಲಿಲ್ಲ. ಆದರೆ ಆಮೇಲೆ ಯಾವ ಬಟ್ಟೆಯನ್ನಾದರೂ ತಂದವರ ಮುಂದೆಯೇ ಪೂರ್ತಿ ಹಾಸುತ್ತಿದ್ದರು. "ಇಲ್ಲಿ ಅದ, ಇಲ್ಲೂ ಅದ. ಮುಚ್ಚಲೇನು?" ಹೂಂ ಅಂದ ಮೇಲೆಯೇ ಸೂಜಿಗೆ ದಾರ.

ಇಂದು ಏನು ಹೇಳಲಿ ಎಂದು ನಿನ್ನೆ ಅಕ್ತರಬೀ ಅವರನ್ನೇ ಕೇಳಿದೆ. "ನನ್ನ ಮುಂದ ಸುಳ್ಳ ಹೇಳಿದ್ಳು ಅನ್ರಿ. ಹೇಳೋ ಮುಂದ ಆಕಿ ಕೈ ನಡುಗ್ತಿತ್ತು, ಅದೂ ಅನ್ರಿ. ಊರಾಗ ಉಳದವರ ಕೈ ನಡುಗಿದ್ದು ನಾ ನೋಡಿಲ್ಲ."

ಹೇಳಿದ್ದೇನೆ. ಇನ್ನು ಎಲ್ಲರೂ ಏಳಿ. ಸುಂದರಬಾಯಿಯವರಿಗಾಗಿ— ಮತ್ತು ಈ ಊರು ಇದುವರೆಗೆ ಯಾರಿಗಾಗಿ ಎದ್ದು ನಿಂತಿಲ್ಲವೋ, ಆ ಮುನೀರೋದ್ದೀನನಿಗಾಗಿ— ತಲೆ ಬಾಗಿಸಿ, ಮಾತಿಲ್ಲದೆ ನಿಲ್ಲೋಣ.