ಹುಣಸೆ ಗೋದಾಮಿನ ಮೂಲೆಯ ಮೇಜು

ವಿಲ್ಸನ್ ಗಾರ್ಡನ್ನಿನ ಆ ವಠಾರದಲ್ಲಿ ಕರೆಂಟು ಹೋದರೆ ಎಲ್ಲರೂ ಬಂದು ಸೇರುತ್ತಿದ್ದುದು ಕೆಂಪಕ್ಕನ ಜಗಲಿಗೆ. ಎಂಬತ್ತೆಂಟರ ಮಳೆಗಾಲ. ದೀಪ ಹಚ್ಚುವ ಹೊತ್ತಿಗೆ ಹಿಡಿದ ಮಳೆ ಹೆಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ಬೀದಿಯೆಲ್ಲ ಕತ್ತಲು; ಜಯನಗರದ ಕಡೆಗೆ ಜನರೇಟರ್ ಇಟ್ಟುಕೊಂಡಿದ್ದ ಹೋಟೆಲ್ ಸಾಲಿನ ಕೆಂಪು ಹಸಿರು ದೀಪಗಳು ಮಾತ್ರ ನೀರಿನಲ್ಲಿ ಕಲಸಿಹೋದಂತೆ ಕಾಣುತ್ತಿದ್ದವು. ವಠಾರಕ್ಕೆ ಹೊಸದಾಗಿ ಬಂದಿದ್ದ ಗಿರಿಜಾದೇವಿ ಆ ದೀಪಗಳನ್ನೇ ನೋಡುತ್ತ, ಭಾನುವಾರ ತನ್ನನ್ನು ಅಲ್ಲಿಗೆ ಊಟಕ್ಕೆ ಕರೆದೊಯ್ಯುವುದಾಗಿ ಗಂಡ ಹೇಳಿದ್ದಾನೆ, ಅಲ್ಲಿ ಆರ್ಕೆಸ್ಟ್ರಾ ಕೂಡ ಇರುತ್ತದಂತೆ ಎಂದಳು.

ಎಲೆಗೆ ಸುಣ್ಣ ಸವರುತ್ತಿದ್ದ ಕೆಂಪಕ್ಕನ ಬೆರಳು ನಿಂತಿತು.

"ಹೋಗ್ಬನ್ನಿ ಗಿರಿಜಮ್ಮ. ನಿಮಗೇನೂ ಆಗಲ್ಲ. ನೀವೇನು ನಮ್ಮಕ್ಕನಿಗೆ ಅನ್ಯಾಯ ಮಾಡಿದೋರಾ..."

ಏನು ಹಾಗಂದರೆ ಎಂದು ಕೇಳದೆ ಯಾರಿಗೆ ತಡೆಯುತ್ತದೆ? ಮಕ್ಕಳನ್ನು ಒಳಗೆ ಮಲಗಿಸಿ ಬಂದ ಹೆಂಗಸರು, ಬೀಡಿ ಆರಿಸಿದ ಗಂಡಸರು, ಎಲ್ಲರೂ ಹತ್ತಿರ ಸರಿದು ಕೂತರು. ಮುದುಕಿ ಗೋಡೆಗೆ ಒರಗಿ ಹೇಳತೊಡಗಿದಳು.

ಆ ಹೋಟೆಲ್ ಸಾಲು ಹದಿನೈದಿಪ್ಪತ್ತು ವರ್ಷದ ಹಿಂದೆ ಹೋಟೆಲ್ ಸಾಲಾಗಿರಲಿಲ್ಲ. ಕಲ್ಲಿನ ಗೋಡೆಯ ಗೋದಾಮುಗಳು, ಒಳಗೆ ಮಾಡಿನವರೆಗೂ ಹುಣಸೆಹಣ್ಣಿನ ಮೂಟೆ. ಬೀದಿಯ ತುದಿಗೆ ಬಂದರೆ ಸಾಕು, ಬಾಯಲ್ಲಿ ನೀರೂರುತ್ತಿತ್ತು. ಬೀಜ ಬಿಡಿಸಲು, ನಾರು ತೆಗೆಯಲು ಹೆಂಗಸರ ದೊಡ್ಡ ಗುಂಪೇ ಇತ್ತು. ಆ ಗುಂಪಿಗೆ ಹಿರಿಯಳು ಕೆಂಪಕ್ಕನ ಒಡಹುಟ್ಟಿದ ಅಕ್ಕ ಸಪ್ಪಲಮ್ಮ. ಗಂಡ ಸತ್ತ ಮೇಲೆ ಗೋದಾಮಿನ ಮೂಲೆಯ ಕೋಣೆಯೇ ಅವಳ ಮನೆ; ಇರುವಷ್ಟು ದಿನ ಇರು ಎಂದು ಹಳೆಯ ಧಣಿ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ. ಅಲ್ಲಿಗೆ ಕೆಲಸ ಹುಡುಕಿಕೊಂಡು ಬಂದ ವೆಂಕಟಾಚಲನಿಗೆ ಊರಲ್ಲಿ ತನ್ನವರೆಂದು ಯಾರೂ ಇರಲಿಲ್ಲ. ಸಪ್ಪಲಮ್ಮನೇ ಮುದ್ದೆ ಹಾಕಿ, ಸೊಪ್ಪಿನ ಸಾರು ಬಿಟ್ಟು ಸಾಕಿದಳು. ಅವನು ಗೋದಾಮಿನ ಮುಂದೆ ಹಾದುಹೋದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳು, ಊಟ ಆಯ್ತೇನೋ ಮಗಾ ಎಂದು.

ಹುಣಸೆ ವ್ಯಾಪಾರದ ಮಂಡಿ ಊರಾಚೆಗೆ ಹೋಯಿತು. ಗೋದಾಮುಗಳು ಖಾಲಿಬಿದ್ದವು. ಜಯಸಿಂಹ ಎಂಬುವನು ಇಡೀ ಸಾಲನ್ನೇ ಕೊಂಡ. ಬೊಂಬಾಯಿ, ಮದ್ರಾಸು ಸುತ್ತಿ ಬಂದವನು. ಕಲ್ಲಿನ ಗೋಡೆ ಹಾಗೇ ಇರಲಿ, ಒಳಗೆ ಬಣ್ಣದ ದೀಪ, ಹಾಡು, ಕುಣಿತ, ತಂದೂರಿ ಒಲೆ ಬರಲಿ, ದೊಡ್ಡ ಮನೆಯವರೆಲ್ಲ ಕಾರು ಮಾಡಿಕೊಂಡು ಬರುತ್ತಾರೆ ಎಂದು ಲೆಕ್ಕ ಹಾಕಿದ. ಅವನ ಎಣಿಕೆ ಸುಳ್ಳಾಗಲೂ ಇಲ್ಲ. ವೆಂಕಟಾಚಲನನ್ನು ಮೇಸ್ತ್ರಿ ಮಾಡಿಕೊಂಡ, ಹೋಟೆಲ್ ಎದ್ದ ಮೇಲೆ ಮ್ಯಾನೇಜರ್ ಮಾಡುತ್ತೇನೆಂದ. ಉಳಿದ ಹೆಂಗಸರೆಲ್ಲ ಬೈದುಕೊಂಡು ಹೊರಟುಹೋದರು. ಸಪ್ಪಲಮ್ಮ ಮಾತ್ರ ಹೋಗಲಿಲ್ಲ. ಎಳೆದು ಹಾಕಿ ನೋಡೋಣ ಎಂದು ಬಾಗಿಲಲ್ಲೇ ಕೂತಳು.

ದೀಪಾವಳಿಗೆ ಕೆಂಪಕ್ಕನೂ ಸೇರಿ ಎಲ್ಲರೂ ಊರಿಗೆ ಹೋಗಿ ಬೀದಿ ಬಿಕೋ ಎನ್ನುತ್ತಿದ್ದಾಗ ಜಯಸಿಂಹ ಮದ್ರಾಸಿಗೆ ಹೊರಟ. ಹೊರಡುವಾಗ ವೆಂಕಟಾಚಲನನ್ನು ಕರೆದು, ಅವಳು ಒಳಗಿರುವಾಗಲೇ ಬೀಗ ಜಡಿ, ಹಸಿವಾದರೆ ತಾನಾಗಿ ದಾರಿಗೆ ಬರುತ್ತಾಳೆ, ನಾನು ಬರುವತನಕ ತೆಗೆಯಬೇಡ ಎಂದ. ವೆಂಕಟಾಚಲ ಬೀಗ ಜಡಿದ.

"ಯಾವ ಕೈಯಲ್ಲಿ ಹಾಕ್ದ ಅಂತೀರಾ? ಅವಳ ಮುದ್ದೆ ಉಂಡ ಕೈಯಲ್ಲೇ ಹಾಕ್ದ..."

ಮೊದಲು ಅವಳು ಬಾಗಿಲು ಬಡಿದಳು, ಶಾಪ ಹಾಕಿದಳು. ಆಮೇಲೆ ನೀರು ಕೇಳಿದಳು. ವೆಂಕಟಾಚಲ ಬೀಗದ ಕೈ ಜೇಬಲ್ಲಿಟ್ಟುಕೊಂಡು ಬಾಗಿಲವರೆಗೆ ಹೋಗುತ್ತಿದ್ದ, ಮ್ಯಾನೇಜರ್ ಕುರ್ಚಿ ಕಣ್ಣ ಮುಂದೆ ಬರುತ್ತಿತ್ತು, ತಿರುಗಿ ಬರುತ್ತಿದ್ದ. ನಾಳೆ ತೆಗೆಯೋಣ ಎನ್ನುತ್ತಿದ್ದ, ಆ ನಾಳೆ ಮತ್ತೊಂದು ನಾಳೆಯಾಗುತ್ತಿತ್ತು. ಕೊನೆಯ ಸಲ ಹೋದಾಗ ಒಳಗೆ ಬಡಿತವಿಲ್ಲ, ಕೂಗಿಲ್ಲ. ಅವನ ಹೆಜ್ಜೆ ಸಪ್ಪಳದ ಗುರುತು ಹಿಡಿದಳೋ ಏನೋ, ಬಾಗಿಲ ಸಂದಿನಿಂದ, ನೆಲದ ಹತ್ತಿರದಿಂದ, ಒಣಗಿದ ದನಿಯೊಂದು ಬಂತು.

"ಊಟ ಆಯ್ತೇನೋ ಮಗಾ?"

ಅವನು ಓಡಿಹೋದ.

ಜಯಸಿಂಹ ಮದ್ರಾಸಿನಿಂದ ಬಂದು ಬೀಗ ತೆಗೆಸಿದಾಗ ಅವಳು ಹೊಸ್ತಿಲಿಗೆ ಕೆನ್ನೆ ಒತ್ತಿ ಬಿದ್ದಿದ್ದಳು. ಬಾಯಿ ತುಂಬ ಹುಣಸೆಯ ಒಣ ನಾರು. ನುಂಗಲು ಎಂಜಲೂ ಉಳಿದಿರಲಿಲ್ಲ... ಕುಡಿದು ಬಿದ್ದು ಸತ್ತಳೆಂದು ಜಯಸಿಂಹ ಹೇಳಿಸಿದ. ಪೊಲೀಸರೆದುರು ಸಾಕ್ಷಿ ನುಡಿದವರು ವೆಂಕಟಾಚಲ ಮತ್ತು ಮೂಟೆ ಹೊರುತ್ತಿದ್ದ ದಾಸಪ್ಪ. ಹೆಂಡವನ್ನು ಮೂಸಿಯೂ ನೋಡದ ಹೆಂಗಸು ಎಂದು ಕೆಂಪಕ್ಕ ಎದೆ ಬಡಿದುಕೊಂಡು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಟೆಲ್ ತೆರೆಯಿತು. ಹೂವಿನ ಸೀರೆಯ ಹೆಂಗಸರು, ಬೆಲ್ ಬಾಟಂ ಪ್ಯಾಂಟಿನ ಗಂಡಸರು, ಬೀರು ಗ್ಲಾಸುಗಳ ಸದ್ದು, ಗಿಟಾರು, ಹೊಗೆಯಾಡುವ ಕೋಳಿ, ಗಾಜಿನ ಬಟ್ಟಲಲ್ಲಿ ಐಸ್ ಕ್ರೀಂ... ಟೈ ಕಟ್ಟಿಕೊಂಡ ವೆಂಕಟಾಚಲ ಮೇಜಿನಿಂದ ಮೇಜಿಗೆ ನಗುತ್ತ ಓಡಾಡುತ್ತಿದ್ದ. ಎಲ್ಲ ಮರೆತೇಹೋಯಿತು ಅಂದುಕೊಂಡಿದ್ದ.

ಒಂದು ಸಂಜೆ, ಗಿರಾಕಿಗಳು ಇನ್ನೂ ಬರುತ್ತಿದ್ದ ಹೊತ್ತಿಗೆ, ಮೂಲೆಯ ಮೇಜಿನಲ್ಲಿ ಒಬ್ಬಳೇ ಹೆಂಗಸು ಬೆನ್ನು ಮಾಡಿ ಕೂತಿದ್ದಳು. ಹಿಂದೆ ಆ ಜಾಗದಲ್ಲೇ ಸಪ್ಪಲಮ್ಮನ ಕೋಣೆ ಇದ್ದದ್ದು. ಆರ್ಡರ್ ಕೇಳಲು ವೆಂಕಟಾಚಲ ಬಗ್ಗಿದ. ಅವಳು ತಿರುಗದೆಯೇ ಅದೇ ಮಾತು ಕೇಳಿದಳು. ಅವನು ಕಿರುಚಿಕೊಂಡಾಗ ಸಪ್ಲೈಯರುಗಳೆಲ್ಲ ಓಡಿಬಂದರು. ಅವರಿಗೆ ಕಂಡದ್ದು ಖಾಲಿ ಕುರ್ಚಿ.

ಅಂದಿನಿಂದ ಅವನಿಗೆ ಅನ್ನ ಇಳಿಯಲಿಲ್ಲ. ಬಿರಿಯಾನಿ ಬಾಯಿಗಿಟ್ಟರೆ ಹುಳಿ, ಜಗಿದರೆ ನಾರು. ಹಾಲು ಕುಡಿದರೆ ಗಂಟಲಲ್ಲಿ ಬೀಜ ಸಿಕ್ಕಿದ ಹಾಗೆ. ಸುತ್ತಲೂ ಊರೇ ಉಣ್ಣುತ್ತಿದೆ, ನಡುವೆ ಅವನೊಬ್ಬ ಉಪವಾಸ... ಡಾಕ್ಟರು ಎಕ್ಸ್‌ರೇ ತೆಗೆದು ಗಂಟಲು ಶುದ್ಧವಾಗಿದೆ ಎಂದರು. ಕೋಟಿನೊಳಗೆ ಮೂಳೆ ಮಾತ್ರ ಉಳಿದಾಗ ಅವನು ಕೆಂಪಕ್ಕನ ಬಾಗಿಲಿಗೆ ಬಂದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ ಕಾಲು ಹಿಡಿದ.

ಕೆಂಪಕ್ಕ ಕಾಲು ಎಳೆದುಕೊಳ್ಳಲಿಲ್ಲ.

"ಬೀಗ ಹಾಕಿದ್ದು ನೀನು. ಹಾಕ್ಸಿದ್ದು ಯಾರು? ಅವನನ್ನ ಆ ಮೇಜಿಗೆ ಕೂರ್ಸು. ಊಟಕ್ಕಿಡು," ಎಂದಳು.

ಹೋಟೆಲಿನ ವಾರ್ಷಿಕೋತ್ಸವಕ್ಕೆ ಜಯಸಿಂಹ ದೊಡ್ಡ ದೊಡ್ಡವರನ್ನೆಲ್ಲ ಕರೆದಿದ್ದ. ಮೂಲೆಯ ಮೇಜಿನಿಂದ ಸ್ಟೇಜು ಚೆನ್ನಾಗಿ ಕಾಣುತ್ತದೆ ಸಾರ್ ಎಂದು ಹೇಳಿ ವೆಂಕಟಾಚಲ ಅವನನ್ನು ಅಲ್ಲಿ ಕೂರಿಸಿದ, ತಾನೇ ಬಡಿಸಿದ. ಹಾಡು ನಡೆಯುತ್ತಿತ್ತು. ಜಯಸಿಂಹ ಮೊದಲ ತುತ್ತು ಬಾಯಿಗಿಟ್ಟ, ಯಾರೋ ಮಾತಾಡಿಸಿದಂತೆ ಎದುರಿನ ಖಾಲಿ ಕುರ್ಚಿಯ ಕಡೆ ನೋಡಿದ. ಮುಖ ಬಿಳಿಚಿತು. ಯಾರು ನೀನು ಎಂದು ಕೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ಕರೀ ನಾರು ಬಂತು. ಎಳೆದಷ್ಟೂ ಬಂತು, ಬೀಜ ಸಮೇತ, ಬಿಳೀ ಮೇಜುಬಟ್ಟೆಯ ಮೇಲೆ, ಅಷ್ಟು ಜನರ ಕಣ್ಣೆದುರಿಗೆ. ಹಾಡುವವನ ಕೈಯಿಂದ ಮೈಕು ಜಾರಿತು. ಗಿರಾಕಿಗಳು ಕುರ್ಚಿ ಉರುಳಿಸಿಕೊಂಡು ಹೊರಗೆ ನುಗ್ಗಿದರು.

ಅವನು ಅಂದೇ ಸಾಯಲಿಲ್ಲ. ಅಷ್ಟು ಸುಲಭಕ್ಕೆ ಅವಳು ಬಿಟ್ಟಾಳೆಯೇ? ಬಂಗಲೆಯಲ್ಲಿ ಮಲಗಿ, ನೀರು ನೀರು ಎನ್ನುತ್ತ, ಕೊಟ್ಟ ನೀರನ್ನೆಲ್ಲ ಉಗುಳುತ್ತ, ಒಣಗಿ ಒಣಗಿ ಹೋದ.

ವೆಂಕಟಾಚಲ? ತನ್ನ ಋಣ ಹರಿಯಿತು ಎಂದುಕೊಂಡು ಅವನು ಕೆಂಪಕ್ಕನ ಮನೆಗೆ ಬಂದ. ಮೆಟ್ಟಿಲ ಮೇಲೆ ಕೂತು ಒಂದು ಲೋಟ ನೀರು ಕೇಳಿದ.

"ಕೊಟ್ಟೆ. ನೀರು ಇಲ್ಲ ಅನ್ನೋ ಜನ ಅಲ್ಲ ನಾವು. ಬಾಯಿಗಿಟ್ಕೊಂಡ, ಗುಟುಕು ಇಳೀಲಿಲ್ಲ. ನನ್ನ ಮುಖ ನೋಡ್ದ... ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಬೆಳಿಗ್ಗೆ ಅವನು ಅಲ್ಲೇ ಇದ್ದ, ಉಸಿರಿರಲಿಲ್ಲ."

ಹೋಟೆಲ್ ಬೇರೆಯವರ ಕೈಗೆ ಹೋಯಿತು, ಸಾಲಿಗೆ ಸಾಲೇ ಬೆಳೆಯಿತು, ಗಿರಾಕಿಗಳಿಗೆ ಯಾವ ತೊಂದರೆಯೂ ಆಗಲಿಲ್ಲ ಎಂದು ಕೆಂಪಕ್ಕ ಸಮಾಧಾನದ ದನಿಯಲ್ಲಿ ಹೇಳಿದಳು. ಹಾಗಾದರೆ ಎಲ್ಲ ಮುಗಿದಂತೆಯೇ ಅಲ್ಲವೇ ಎಂದು ಗಿರಿಜಾದೇವಿ ಮೆಲ್ಲಗೆ ಕೇಳಿದಳು.

ಮುದುಕಿ ಎಲೆಯನ್ನು ದವಡೆಗೆ ಇಟ್ಟುಕೊಂಡಳು.

"ಸುಳ್ಳು ಸಾಕ್ಷಿ ಹೇಳಿದ್ನಲ್ಲ, ಆ ದಾಸಪ್ಪನ ಹೆಂಡ್ತಿ ನಿನ್ನೆ ಬಂದಿದ್ಲು. ಗಂಡ ಬಾಯಿಗಿಟ್ಟಿದ್ದನ್ನೆಲ್ಲ ಉಗೀತಾನಂತೆ, ಏನು ಮಾಡ್ಲಿ ಅಕ್ಕ ಅಂತ ಅತ್ಲು. ಹೊತ್ತು ಹೊತ್ತಿಗೆ ಬಿಸಿಬಿಸಿಯಾಗಿ ಬಡಿಸ್ತಾ ಇರವ್ವ, ಅಂದೆ."