ನಿಂತು ಉಣ್ಣುವವಳ ಚಿತ್ರ

ಪುಣೆಯ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಅವ್ವಣ್ಣನವರೇ, ವೇದಿಕೆಯ ಮೇಲಿರುವ ಹಿರಿಯರೇ, ಚಿತ್ರ ನೋಡಲು ಬಂದ ಸಭಿಕರೇ, ಚಿತ್ರ ನೋಡುವ ನೆಪದಲ್ಲಿ ನೆಂಟರನ್ನು ನೋಡಲು ಬಂದ ಸಭಿಕರೇ, ನಿಮಗೆಲ್ಲ ಉಮಾವತಿಯ ವಂದನೆಗಳು.

ನನ್ನ ಸೊಸೆ ಸಾಯಲಿಯ ಚಿತ್ರಪ್ರದರ್ಶನ ಇಂದಿಗೆ ಮುಗಿಯುತ್ತದೆ. ಸಮಾರೋಪದಲ್ಲಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದಾರೆ. ಅತ್ತೆ ಎಂದು ಕರೆದಿಲ್ಲ, ಲೇಖಕಿ ಎಂದು ಕರೆದಿದ್ದಾರೆ. ಅಧ್ಯಕ್ಷರು ಇದನ್ನು ಫೋನಿನಲ್ಲಿ ಮತ್ತೆ ಮತ್ತೆ ಸ್ಪಷ್ಟಪಡಿಸಿದರು. ಸಂಘದ ಮಾಸಪತ್ರಿಕೆಯಲ್ಲಿ ನಾನು ಬಹಳ ವರ್ಷಗಳಿಂದ ಪುಣೆಯ ಪ್ರದರ್ಶನಗಳ ಬಗ್ಗೆ ಬರೆಯುತ್ತಿದ್ದೇನೆ. ಓದಿದವರು ಕೈ ಎತ್ತಬೇಕಾಗಿಲ್ಲ.

ಆ ಬರಹಗಳಲ್ಲಿ ನಾನು ಹೇಳುತ್ತ ಬಂದದ್ದು ಒಂದೇ ಮಾತು. ಕಲೆ ಎಲ್ಲಿದೆ? ನಿತ್ಯಜೀವನದಲ್ಲಿದೆ. ಸಂಸ್ಕೃತಿ ಎಲ್ಲಿದೆ? ನಿತ್ಯಜೀವನದಲ್ಲಿದೆ. ನಮ್ಮ ಕಲಾವಿದರು ಕೋಟೆ ಬಾಗಿಲುಗಳನ್ನೂ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನೂ ಬಿಟ್ಟು ಅಡುಗೆಮನೆಗೆ ಯಾವಾಗ ಬರುತ್ತಾರೆ? ಹೀಗೆಂದು ನಾನು ಕೇಳುತ್ತಲೇ ಇದ್ದೆ. ಕೊನೆಗೆ ಒಬ್ಬಳು ಬಂದಳು. ನನ್ನ ಅಡುಗೆಮನೆಗೇ ಬಂದಳು.

ಸಾಯಲಿ ಹಿಂಜವಾಡಿಯ ಐಟಿ ಕಂಪನಿಯ ಕೆಲಸಕ್ಕೆ ದೀರ್ಘ ರಜೆ ಹಾಕಿ ಬಣ್ಣ ಹಿಡಿದಾಗ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದನ್ನು ನಾವು ಜೋರಾಗಿಯೇ ಮಾಡಿದೆವು. ಅವಳು ಬಿಡಿಸಿದ್ದನ್ನು ನೀವು ನೋಡಿದ್ದೀರಿ. ಬಾಗಿಲ ಹಿಡಿಕೆಗೆ ತೂಗುಬಿಟ್ಟ ಹಾಲಿನ ಚೀಲ, ಬಾಲ್ಕನಿಯಲ್ಲಿ ಒಣಗುವ ಚಾದರ, ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ನೋಡದೆ ನಿಂತ ನೆರೆಹೊರೆಯವರು. ಮೂಲೆಯ ಕಂಬದ ಹತ್ತಿರ ಇನ್ನೊಂದು ಚಿತ್ರವಿದೆ. ನೈಟಿ ತೊಟ್ಟ ವಯಸ್ಸಾದ ಹೆಂಗಸೊಬ್ಬಳು ಗ್ಯಾಸ್ ಕಟ್ಟೆಗೆ ಒರಗಿ ನಿಂತು, ಬೋಗುಣಿಯಲ್ಲಿ ಉಳಿದ ಕಡಲೆಹಿಟ್ಟಿನ ಝುಣಕವನ್ನು ರೊಟ್ಟಿಯ ಚೂರಿನಿಂದ ಬಳಿದು ತಿನ್ನುತ್ತಿದ್ದಾಳೆ. ಕೂದಲು ಕಟ್ಟಿಲ್ಲ. ಬಾಯಿ ತುಂಬಿದೆ. ಆ ಹೆಂಗಸು ನಾನು.

ಇಲಕಲ್ಲ ಸೀರೆ ಉಡದೆ ಈ ಸಭಾಗೃಹಕ್ಕೆ ನಾನು ಎಂದೂ ಬಂದವಳಲ್ಲ. ಉದ್ಘಾಟನೆಯ ದಿನ ಆ ಚಿತ್ರದ ಮುಂದೆ ನಿಂತಾಗ ನನಗೆ ಆದದ್ದು ಕಲಾನಂದವಲ್ಲ, ನಾಚಿಕೆ. ನಮ್ಮ ಯಜಮಾನರಾದ ಪ್ರಲ್ಹಾದರಾಯರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರೂ ಅದನ್ನು ಬಹಳ ಹೊತ್ತು ನೋಡಿದರು. “ಬಣ್ಣ ಛಲೋ ಹಚ್ಯಾಳ. ಯಾರೀಕಿ?” ಎಂದು ನನ್ನನ್ನೇ ಕೇಳಿದರು. ಅವರ ತಪ್ಪಲ್ಲ. ಅವರಿಗೆ ಬಡಿಸಿ, ಅವರು ಕೈ ತೊಳೆದು ಟಿವಿ ಮುಂದೆ ಕುಳಿತ ಮೇಲೆ ನಾನು ಉಣ್ಣುವುದು. ಮದುವೆಯಾದಾಗಿನಿಂದ ನಾನು ಉಣ್ಣುವುದನ್ನು ಅವರು ನೋಡಿಯೇ ಇಲ್ಲ. ಇದು ನನಗೂ ಅಂದೇ ಹೊಳೆದದ್ದು. ಇರಲಿ, ವಿಷಯಕ್ಕೆ ಬರುತ್ತೇನೆ.

ಮಾರಾಟವಾದ ಚಿತ್ರದ ಪಕ್ಕದಲ್ಲಿ ಕೆಂಪು ಚುಕ್ಕೆ ಅಂಟಿಸುವುದು ಪ್ರದರ್ಶನಗಳ ಪದ್ಧತಿ. ಆಮೇಲೆ ಅದನ್ನು ಬೇರೆಯವರು ಕೊಳ್ಳುವಂತಿಲ್ಲ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಹಣೆಯ ಕೆಂಪು ಟಿಕಳಿ ತೆಗೆದು ಆ ಚಿತ್ರದ ಪಕ್ಕ ಅಂಟಿಸಿದೆ. ಬಚ್ಚಲ ಕನ್ನಡಿಗೆ ಅಂಟಿಸುತ್ತೇವಲ್ಲ, ಹಾಗೆ. ಪರ್ಸಿನಲ್ಲಿದ್ದ ಇನ್ನೊಂದನ್ನು ಹಣೆಗೆ ಇಟ್ಟುಕೊಂಡೆ. ಯಾರೋ ಅಪರಿಚಿತರು ನನ್ನನ್ನು ಆ ಅವತಾರದಲ್ಲಿ ಹೊತ್ತುಕೊಂಡು ಹೋಗುವುದು ನನಗೆ ಬೇಡವಾಗಿತ್ತು. ಪ್ರದರ್ಶನ ಮುಗಿದ ಮೇಲೆ ಮನೆಗೆ ತಂದು ಮಂಚದ ಕೆಳಗೆ ತಳ್ಳುವ ವಿಚಾರವಿತ್ತು.

ಅಲ್ಲಿಯವರೆಗೆ ಒಂದು ಚಿತ್ರವೂ ಹೋಗಿರಲಿಲ್ಲ. ಹಿಂದಿನ ಸಂಜೆಯಷ್ಟೇ ಸಾಯಲಿ ನನಗೆ ಹೇಳಿದ್ದಳು: “ಗುರ್ತು ಇಲ್ಲದವರು ಒಬ್ಬರರೇ ತೊಗೊಂಡ್ರ ಮುಂದ ಬಿಡಸ್ತೀನ್ರಿ ಅತ್ಯಾ. ಇಲ್ಲಾಂದ್ರ ಆಫೀಸಿಗೇ ಹೋಗ್ತೀನಿ.” ಊಟ ಮುಗಿಸಿ ಬಂದವಳು ಚುಕ್ಕೆ ನೋಡಿದಳು. ಸಂಘದವರು ಅಂಟಿಸಿದ್ದಾರೆಂದು ಅವಳು ತಿಳಿದಳು, ಅವಳೇ ಅಂಟಿಸಿದ್ದಾಳೆಂದು ಸಂಘದವರು ತಿಳಿದರು. ಸಾಯಲಿ ಇಂದಾಪುರದಲ್ಲಿರುವ ತನ್ನ ತಾಯಿಗೆ ಫೋನ್ ಮಾಡಿ ಕನ್ನಡದಲ್ಲೂ ಮರಾಠಿಯಲ್ಲೂ ಅತ್ತಳು. ಇನ್ನು ಬರುವುದಿಲ್ಲವೆಂದು ಆಫೀಸಿಗೆ ಅಂದೇ ತಿಳಿಸಿಬಿಟ್ಟಳು. ಮನೆಗೆ ಬರುವಾಗ ಪೇಢೆ ತಂದಳು. ನಾನೂ ತಿಂದೆ.

ಅದರ ಮರುದಿನದಿಂದ ಸುಂದರ ಶೆಟ್ಟರು ಬರತೊಡಗಿದರು. ಕರಾವಳಿಯವರು, ಕೋಥರೂಡಿನಲ್ಲಿ ಅವರ ಹೋಟೆಲಿದೆ. ನಮಗೆ ಯಾರಿಗೂ ಅವರ ಗುರುತಿರಲಿಲ್ಲ. ತಮಗೆ ಆ ಚಿತ್ರವೇ ಬೇಕು, ಕೊಂಡವರ ನಂಬರು ಕೊಟ್ಟರೆ ಕೈಮುಗಿದು ಕೇಳಿಕೊಳ್ಳುತ್ತೇನೆ ಎಂದರು. ಮಾರಿದ್ದು ಮಾರಿಯಾಯಿತೆಂದು ಸಾಯಲಿ ಹೆಮ್ಮೆಯಿಂದ ಹೇಳಿದಳು. ನಿನ್ನೆ ಅವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು. ಇದರಲ್ಲಿ ನಿಮಗೆ ಏನು ಕಂಡಿತು ಎಂದು ನಾನು ಲೇಖಕಿಯ ಧಾಟಿಯಲ್ಲಿ ವಿಚಾರಿಸಿದೆ. ಇಲಕಲ್ಲ ಸೀರೆಯಲ್ಲಿದ್ದೆ, ಅವರಿಗೂ ನನ್ನ ಗುರುತು ಸಿಗಲಿಲ್ಲ.

“ನನ್ನ ಅಮ್ಮ ರಾಜೀವಿ ಹೀಗೆಯೇ ಮೇಡಂ,” ಎಂದರು. “ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಉಣ್ಣುವುದು. ಅಷ್ಟು ಟೇಬಲ್ ಉಂಟು, ಒಂದು ದಿನ ಕೂತವರಲ್ಲ. ಈಗ ಇಲ್ಲ ಅವರು. ಫೋಟೋ ಎಲ್ಲ ಮದುವೆಮನೆಯದ್ದೇ, ರೇಷ್ಮೆಯ ಪಟ್ಟೆ ಸೀರೆ ಉಟ್ಟದ್ದು. ಅದರಲ್ಲಿ ನನ್ನ ಅಮ್ಮ ಕಾಣುವುದಿಲ್ಲ.”

ಸಭಿಕರೇ, ನನಗೆ ಅಳು ಬಂತು. ಧೂಳಿನ ಅಲರ್ಜಿ ಎಂದು ಅವರಿಗೆ ಹೇಳಿದೆ. ನಿಮಗೆ ಹಾಗೆ ಹೇಳುವುದಿಲ್ಲ.

ಸಾಯಲಿ, ಆ ಚುಕ್ಕೆ ನನ್ನ ಹಣೆಯದು. ಅದನ್ನು ನಂಬಿ ನೀನು ಕೆಲಸ ಬಿಟ್ಟೆ. ಆದರೆ ಗುರುತಿಲ್ಲದವರೊಬ್ಬರು ನಿಜವಾಗಿಯೂ ನಿನ್ನ ಚಿತ್ರ ಬೇಕೆನ್ನುತ್ತಿದ್ದರು, ಅವರಿಗೆ ಅಡ್ಡ ನಿಂತವಳು ನಾನು. ಅವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ವೇದಿಕೆಗೆ ಬರುವ ಮೊದಲು ಟಿಕಳಿ ಕಿತ್ತು ಬಂದಿದ್ದೇನೆ. ಇನ್ನು ಮಾತು ನಿಮ್ಮಿಬ್ಬರದು.

ಶೆಟ್ಟರೇ, ಒಂದು ವಿನಂತಿ. ಅದನ್ನು ಗಲ್ಲಾದ ಹಿಂದೆ ದೇವರ ಪಟಗಳ ಜೊತೆ ತೂಗುಹಾಕಬೇಡಿ, ಜನ ಉಣ್ಣುವಲ್ಲಿ ಹಾಕಿ. ಹಾಕಿದ ದಿನ ನಾವು ಬರುತ್ತೇವೆ. ಅದರ ಕೆಳಗಿನ ಟೇಬಲ್ಲಿನಲ್ಲಿ ನಾನು ಕುಳಿತು ಉಣ್ಣುತ್ತೇನೆ. ಪ್ರಲ್ಹಾದರಾಯರು ಎದುರಿಗೆ ಕುಳಿತು ನೋಡುತ್ತಾರೆ. ನನ್ನದು ಮುಗಿದ ಮೇಲೆ ಅವರಿಗೆ ಬಡಿಸಿರಿ.

ಕರೆದ ಸಂಘಕ್ಕೂ, ಎದ್ದು ಹೋಗದೆ ಕೇಳಿದ ನಿಮಗೂ ಧನ್ಯವಾದಗಳು. ನಮಸ್ಕಾರ.